ಬ್ಯಾಂಜೋ ಮಾಡೋದಂದ್ರ ಚರ್ಮದ ಮರ್ಜಿ ತಿಳ್ಕೊಳ್ಳೋದು

ಮಳಿಗಾಲದಾಗ ಹಲಗಿ ಬಾರಿಸೋರು ಮೊದ್ಲು ಬೆಂಕಿಗಿ ಹಿಡಿದು ಕಾಯಿಸ್ತಾರಲ್ರಿ, ಯಾಕಂದ್ರ ಚರ್ಮ ಗಾಳ್ಯಾಗಿನ ತ್ಯಾವ ಹೀರ್ಕೊಂಡು ಸಡ್ಲ ಆಗಿರ್ತದ, ಕಾದ್ರ ಮತ್ತ ಬಿಗಿ ಆಗ್ತದ. ಮನ್ಯಾಗ ಬ್ಯಾಂಜೋ ಮಾಡೋರಿಗೂ ಮೊದಲ ಪಾಠ ಇದೇ. ಬಟನ್ ಒತ್ತಿ ಬಾರಿಸೋ ಪೆಟ್ಟಿಗಿ ಬ್ಯಾಂಜೋ ಅಲ್ಲ, ನಾ ಹೇಳೋದು ಗಿಟಾರಿನಂಗ ಉದ್ದ ಕತ್ತು, ದುಂಡನೆ ಚರ್ಮದ ಮಾರಿ ಇರೋದು.

ಇದರ ಬೇರು ಪಶ್ಚಿಮ ಆಫ್ರಿಕಾದಾಗ ಅದ. ಸೋರೆ ಬುರುಡಿ ಮ್ಯಾಲ ಚರ್ಮ ಬಿಗಿದು ತಂತಿ ಕಟ್ತಿದ್ರು, ಗುಲಾಮರಾಗಿ ಅಮೆರಿಕಾಕ್ಕ ಹೋದ ಮಂದಿ ಆ ವಿದ್ಯಾ ಕೈಯಾಗ ಇಟ್ಕೊಂಡೇ ಹೋದ್ರು. ಹಂಗಾಗಿ ಮನ್ಯಾಗ ಮಾಡಿದ್ದು ಅಂತ ಯಾರೂ ಕೀಳಾಗಿ ನೋಡಬಾರದು, ಇದು ಹುಟ್ಟಿದ್ದೇ ಮನಿಗಳಾಗ.

ತಂತಿ ಭಾಳ ತೆಳ್ಳಗ, ಅದೊಂದೇ ಮಿಡಿದ್ರ ಗಾಳಿ ಅಲುಗಾಡೋದು ಭಾಳ ಕಮ್ಮಿ. ತಂತಿಯ ನಡುಕ ಕುದುರಿ (ಚರ್ಮದ ಮ್ಯಾಲ ನಿಂತು ತಂತಿನ ಎತ್ತಿ ಹಿಡಿಯೋ ಸಣ್ಣ ತುಂಡು) ದಾಟಿ ಚರ್ಮಕ್ಕ ಇಳೀತದ, ಚರ್ಮ ಹಗುರ ಮತ್ತ ಅಗಲ ಇರೋದರಿಂದ ಗಾಳಿನ ಜೋರಾಗಿ ತಳ್ತದ, ಅದಕ್ಕೇ ಸದ್ದು ದೊಡ್ಡದು, ಆದ್ರ ಶಕ್ತಿ ಲಗೂನ ಖಾಲಿಯಾಗಿ ಸದ್ದು ಬೇಗ ಸಾಯ್ತದ. ಕುದುರಿ ತೂಕ ಆದ್ರ ಏನಾಗ್ತದ ಅಂತ ನೋಡ್ಬೇಕಂದ್ರ ಅದಕ್ಕ ಬಟ್ಟಿ ಒಣಗಿಸೋ ಕ್ಲಿಪ್ ಹಚ್ಚಿ ಬಾರಿಸ್ರಿ, ಚುರುಕು ಸ್ವರ ಎಲ್ಲಾ ಮಂಕಾಗ್ತದ, ಯಾಕಂದ್ರ ಭಾರದ ವಸ್ತು ಅಷ್ಟು ಲಗೂ ಅಲುಗಾಡೋದಿಲ್ಲ. ಅದಕ್ಕೇ ನಾ ಅಂತೀನಿ, ಕತ್ತಿನ ಕೆತ್ತನಿಗಿಂತ ಮೊದ್ಲು ಕುದುರಿ ತೆಳ್ಳಗ ಮಾಡ್ರಿ.

ಮೊದಮೊದ್ಲು ಚರ್ಮಕ್ಕ ಮೊಳಿ ಹೊಡದ್ರೂ ನಡೀತದ, ಆದ್ರ ಬಿಗಿ ಕೈಯಾಗ ಇರಲ್ಲ. ನಮ್ಮಲ್ಲಿ ಬ್ಯಾಸಿಗ್ಯಾಗ 40 ಡಿಗ್ರಿ ದಾಟ್ತದ, ಚರ್ಮ ಒಣಗಿ ಹರಿಯೋಷ್ಟು ಬಿಗೀಬಹುದು, ಮಳಿ ಬಂದ್ರ ಸಡ್ಲಾಗಿ ಕುದುರಿ ಕುಸೀತದ, ತಂತಿ ಫ್ರೆಟ್ಟಿಗಿ (ಸ್ವರ ಹಿಡಿಯಾಕ ಕತ್ತಿನ ಮ್ಯಾಲ ಕೂಡಿಸಿದ ಅಡ್ಡ ಪಟ್ಟಿಗಿ) ತಾಕಿ ಗಿರ್ರ್ ಅಂತದ. ಚರ್ಮದ ಅಂಚಿಗಿ ಲೋಹದ ರಿಂಗ್ ಕೂಡಿಸಿ, ಅದನ್ನ ಬೋಲ್ಟಿನಿಂದ ಕೆಳಗ ಎಳೀರಿ, ಆವಾಗ ಹವಾಮಾನ ನೋಡಿ ಬಿಗಿ ಮಾಡಬಹುದು, ಸಡ್ಲ ಬಿಡಬಹುದು. ಪ್ಲಾಸ್ಟಿಕ್ ಹಾಳಿ ಹಾಕಿದ್ರ ಈ ತ್ರಾಸ ಭಾಳ ಕಮ್ಮಿ, ಖರೇ, ಆದ್ರ ಆಡಿನ ಚರ್ಮದ ಮೆತ್ತನ ಸದ್ದು ನನಗ ಇಷ್ಟ.

ಫ್ರೆಟ್ ಲೆಕ್ಕ ಸರಳ. ತಂತಿ ಉದ್ದ 660 ಮಿಲಿಮೀಟರ್ ಇದ್ರ ಅದನ್ನ 17.817ರಿಂದ ಭಾಗಿಸ್ರಿ, ತಂತಿ ಶುರುವಾಗೋ ಕತ್ತಿನ ತುದಿಯಿಂದ ಮೊದಲ ಫ್ರೆಟ್ ಸುಮಾರು 37 ಮಿಲಿಮೀಟರಿಗಿ ಬೀಳ್ತದ, ಉಳಿದದ್ದನ್ನ ಮತ್ತ ಹಂಗೇ ಭಾಗಿಸ್ಕೋತ ಹೋಗ್ರಿ, 12ನೇದು ಸರಿ ಅರ್ಧಕ್ಕ, 330ಕ್ಕ ಬರ್ತದ. 12ನೇ ಫ್ರೆಟ್ ಒತ್ತಿದಾಗ ಸ್ವರ ಏರಿ ಕೇಳಿದ್ರ ಕುದುರಿನ ಬಾಲದ ಕಡೆ ಒಂಚೂರು ಸರಸ್ರಿ, ಇಳಿದು ಕೇಳಿದ್ರ ಕತ್ತಿನ ಕಡೆ. ಅದನ್ನ ಅಂಟಿಸಿರಲ್ಲ, ತಂತಿಯ ಒತ್ತಡಕ್ಕೇ ನಿಂತಿರ್ತದ.