ಬೆಂಡ್ ಆಗದ ಡಿಸ್ಕಿಗೆ ಲೇತ್ ಯಾಕೆ?

ವೇಗದಲ್ಲಿದ್ದಾಗ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆ. ಗ್ಯಾರೇಜಿನ ಉತ್ತರ ಸಿದ್ಧವಿರುತ್ತದೆ: "ಡಿಸ್ಕ್ ಬೆಂಡ್ ಆಗಿದೆ ಸಾರ್, ಲೇತಿಗೆ ಹಾಕಿಸಬೇಕು." ಲೇತ್ ಎಂದರೆ ಚಕ್ರದ ಜೊತೆ ತಿರುಗುವ ಈ ಬ್ರೇಕ್ ತಟ್ಟೆಯ ಮೇಲ್ಮೈಯನ್ನು ಕೆತ್ತಿ ಸಮ ಮಾಡುವ ಯಂತ್ರ. ಬಿಸಿ ಚಕ್ರಕ್ಕೆ ನೀರು ಬಿದ್ದಿರಬೇಕು ಎಂಬ ಕಾರಣವೂ ಜೊತೆಗೇ ಬರುತ್ತದೆ. ಆದರೆ ದಿನನಿತ್ಯ ಓಡಿಸುವ ಕಾರಿನಲ್ಲಿ ಎರಕದ ಕಬ್ಬಿಣದ ಡಿಸ್ಕ್ ನಿಜವಾಗಿ ಸೊಟ್ಟಗಾಗುವುದು ಅಪರೂಪ. ಸಾಮಾನ್ಯವಾಗಿ ಕೆಟ್ಟಿರುವುದು ಅದರ ದಪ್ಪ. ಸುತ್ತಲೂ ಒಂದೇ ಸಮ ಉಳಿದಿರುವುದಿಲ್ಲ.

ವ್ಯತ್ಯಾಸ 0.015 ಮಿ.ಮೀ. ಇದ್ದರೂ ಸಾಕು. ದಪ್ಪ ಜಾಗ ಡಿಸ್ಕನ್ನು ಎರಡೂ ಬದಿಯಿಂದ ಅಮುಕುವ ಪ್ಯಾಡುಗಳ ನಡುವೆ ನುಗ್ಗಿದಾಗ, ಅವನ್ನು ತಳ್ಳುವ ಪಿಸ್ಟನ್ ಹಿಂದೆ ಸರಿದು ಬ್ರೇಕ್ ಆಯಿಲ್‌ನ ಒತ್ತಡ ಏರುತ್ತದೆ, ತೆಳು ಜಾಗ ಬಂದಾಗ ಇಳಿಯುತ್ತದೆ. ಪೆಡಲ್ ಮಿಡಿಯುವುದು ಇದರಿಂದ.

ಈ ವ್ಯತ್ಯಾಸ ಹುಟ್ಟುವ ಬಗೆಯೇ ಸ್ವಾರಸ್ಯಕರ. ಡಿಸ್ಕ್ ಕೂರುವ ಚಕ್ರದ ನಡುಭಾಗ, ಅಂದರೆ ಹಬ್ ಮೇಲೆ ತುಕ್ಕಿನ ಪದರ ಇದ್ದರೆ ಹೊಚ್ಚ ಹೊಸ ಡಿಸ್ಕ್ ಕೂಡ ತುಸು ಓರೆಯಾಗಿ ಕೂರುತ್ತದೆ. ಆಗ ಬ್ರೇಕ್ ಒತ್ತದೆ ಓಡುತ್ತಿರುವಾಗಲೂ ಓಲುವ ಭಾಗ ಪ್ರತಿ ಸುತ್ತಿಗೂ ಪ್ಯಾಡಿಗೆ ಸವರುತ್ತದೆ. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಜಾರಿಕೊಂಡು ಹೊಂದಿಕೊಳ್ಳುವುದರಿಂದ ಮೊದಮೊದಲು ಏನೂ ಗೊತ್ತಾಗದು. ಕೆಲವು ಸಾವಿರ ಕಿ.ಮೀ. ಕಳೆಯುವಷ್ಟರಲ್ಲಿ ಆ ಜಾಗ ಸವೆದು ನಡುಕ ಶುರು. ಬೈಗುಳ ಮಾತ್ರ ಡಿಸ್ಕ್ ತಯಾರಿಸಿದವರಿಗೆ.

ಎರಡನೆಯ ದಾರಿ ಘಾಟಿಯದು. 1,200 ಕೆ.ಜಿ. ಕಾರು ಆಗುಂಬೆಯಿಂದ ಸೋಮೇಶ್ವರದ ಕಡೆಗೆ 500 ಮೀಟರ್ ಕೆಳಗಿಳಿದರೆ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 59 ಲಕ್ಷ ಜೂಲ್; ಹದಿನೆಂಟು ಲೀಟರ್ ತಣ್ಣೀರನ್ನು ಕುದಿ ಬರಿಸುವಷ್ಟು. ಎರಡನೇ ಗೇರಿನಲ್ಲಿ ಇಳಿದರೆ ಇದರಲ್ಲಿ ದೊಡ್ಡ ಪಾಲನ್ನು ಇಂಜಿನ್ನೇ ಹೊರುತ್ತದೆ. ಬ್ರೇಕಿನ ಮೇಲೇ ಕಾಲಿಟ್ಟು ಇಳಿದು, ಕೆಳಗೆ ಚೆಕ್‌ಪೋಸ್ಟಿನಲ್ಲಿ ಪೆಡಲ್ ಒತ್ತಿಕೊಂಡೇ ನಿಂತರೆ, ಪ್ಯಾಡಿನ ವಸ್ತು ಆ ಒಂದು ಜಾಗಕ್ಕೆ ಅಂಟುತ್ತದೆ. ಮುಂದೆ ಅದೇ ಜಾಗ ಹೆಚ್ಚು ಕಾಯುತ್ತದೆ. ಶಾಖ ಸುಮಾರು 650 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಲ್ಲಿನ ಕಬ್ಬಿಣ ಸಿಮೆಂಟೈಟ್ ಎಂಬ ಗಡಸು ರೂಪಕ್ಕೆ ತಿರುಗುತ್ತದೆ. ಲೇತಿನ ಉಳಿ ಇದನ್ನು ಸಲೀಸಾಗಿ ಕತ್ತರಿಸದೆ ಮೇಲೆ ಹಾರಿ ಹೋಗುತ್ತದೆ. ಕತ್ತರಿಸಿದರೂ ಗಡಸುತನ ಆಳದಲ್ಲಿ ಉಳಿದು ನಡುಕ ಮರಳುತ್ತದೆ. ನೀಲಿಗಟ್ಟಿದ ಮಚ್ಚೆಗಳಿರುವ ಡಿಸ್ಕನ್ನು, ಅಂಚಿನವರೆಗೆ ಬಿರುಕು ಬಿಟ್ಟದ್ದನ್ನು ಗುಜರಿಗೆ ಹಾಕುವುದೇ ಸರಿ.

ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನ ಕಾರು ತಯಾರಕ ಲ್ಯಾಂಚೆಸ್ಟರ್ ಪೇಟೆಂಟ್ ಪಡೆದದ್ದು 1902ರಲ್ಲಿ. 1953ರಲ್ಲಿ ಫ್ರಾನ್ಸಿನ ಲ ಮಾನ್ಸ್ ಕಾರ್ ರೇಸನ್ನು ಜಾಗ್ವಾರ್ ಇದರ ಬಲದಿಂದ ಗೆದ್ದ ಮೇಲೆ ಲೋಕ ನಂಬಿತು. ಇಷ್ಟು ಹಳೆಯ ವಸ್ತುವನ್ನು ಇವತ್ತಿಗೂ ಬೆರಳಿನಿಂದ ಸವರಿ ತೀರ್ಪು ಕೊಡುತ್ತಾರೆ!

ಬೇಕಾದದ್ದು ದಪ್ಪ ಅಳೆಯುವ ಮೈಕ್ರೋಮೀಟರ್ ಮತ್ತು ಓಲಾಟ ಅಳೆಯುವ ಡಯಲ್ ಗೇಜ್. ಅಂಚಿನಿಂದ 10 ಮಿ.ಮೀ. ಒಳಗೆ, ಸುತ್ತಲೂ ಎಂಟು ಕಡೆ ದಪ್ಪ ಅಳೆಯಿರಿ. ವರ್ನಿಯರ್ ಅಳತೆಪಟ್ಟಿ ಬೇಡ, ಅದು ಅಂಚಿನ ಸವೆಯದ ದಿಂಡಿನ ಮೇಲೆ ಕೂತು ಸುಳ್ಳು ಹೇಳುತ್ತದೆ. ಬಳಿಕ ಹಬ್ಬನ್ನು ವೈರ್ ಬ್ರಷ್‌ನಿಂದ ಉಜ್ಜಿ, ಬೇರಿಂಗ್ ಸಡಿಲವಿಲ್ಲವೆಂದು ಖಚಿತಪಡಿಸಿಕೊಂಡು, ಡಿಸ್ಕನ್ನು ನಟ್ಟುಗಳಿಂದ ಬಿಗಿದು ಓಲಾಟ ನೋಡಿ. 0.05 ಮಿ.ಮೀ. ಮೀರಿದರೆ ಡಿಸ್ಕನ್ನು ಹಬ್ ಮೇಲೆ ಒಂದು ರಂಧ್ರದಷ್ಟು ತಿರುಗಿಸಿ ಮತ್ತೆ ಅಳೆಯಿರಿ. ಎಷ್ಟೋ ಸಲ ಅಷ್ಟರಲ್ಲೇ ಓಲಾಟ ಮಿತಿಯೊಳಗೆ ಬರುತ್ತದೆ.

ಇನ್ನು ಲೆಕ್ಕ. ಕನಿಷ್ಠ ದಪ್ಪ ಡಿಸ್ಕಿನ ಮೇಲೇ ಅಚ್ಚಾಗಿರುತ್ತದೆ. ಹೊಸದರಲ್ಲಿ 22 ಮಿ.ಮೀ., ಕನಿಷ್ಠ 20 ಎಂದಿಟ್ಟುಕೊಳ್ಳಿ. ಈಗ 21.5 ಇದ್ದು, ಲೇತಿನಲ್ಲಿ ಎರಡೂ ಬದಿ ಸೇರಿ 0.5 ಹೋದರೆ 21 ಉಳಿಯುತ್ತದೆ. ಧಾರಾಳವಾಗಿ ಟರ್ನಿಂಗ್ (ಲೇತಿನ ಕೆತ್ತನೆ) ಮಾಡಿಸಿ. 20.7 ಇದ್ದರೆ ಉಳಿಯುವುದು 20.2. ಅಚ್ಚಾದ ಮಿತಿಯ ಪ್ರಕಾರ ಪಾಸ್, ಆದರೆ ಹೊಸ ಪ್ಯಾಡ್ ಮುಗಿಯುವ ಮೊದಲೇ ಮಿತಿ ದಾಟುತ್ತದೆ. ಲೋಹ ಕಡಿಮೆಯಾದಷ್ಟೂ ಡಿಸ್ಕ್ ಬೇಗ ಕಾಯುತ್ತದೆ ಕೂಡ. ಹೊಸದನ್ನೇ ಹಾಕಿಸಿ, ಅದೂ ಎಡಬಲ ಜೋಡಿಯಾಗಿ. ಸಣ್ಣ ಕಾರಿನ ತೆಳು ಡಿಸ್ಕುಗಳಿಗೆ ಲೇತಿನ ಕೂಲಿ ಕೊಡುವುದೇ ದಂಡ ಎಂಬುದು ನನ್ನ ಅಭಿಪ್ರಾಯ.

ಟರ್ನಿಂಗ್ ಆದ ಡಿಸ್ಕನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಲೋಹದ ಪುಡಿ ಪ್ಯಾಡಿಗೆ ಹೊಕ್ಕರೆ ಕಿರುಚಾಟ ತಪ್ಪದು. ಹೊಸದಾದರೆ ತುಕ್ಕುತಡೆ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ. ಚಕ್ರದ ನಟ್ಟುಗಳನ್ನು ಗಾಳಿ ಗನ್ನಿನಿಂದ ಒಂದೇ ಸಮ ಬಡಿಯದೆ, ಎದುರುಬದುರಾಗಿ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಆಮೇಲೆ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲೆಂದು ಖಾಲಿ ರಸ್ತೆಯಲ್ಲಿ 50ರಿಂದ 10 ಕಿ.ಮೀ. ವೇಗಕ್ಕೆ ಹತ್ತು ಸಲ ಹದವಾಗಿ ಇಳಿಸಿ, ನಡುವೆ ಅರ್ಧ ನಿಮಿಷ ಬಿಡುವು ಕೊಡಿ. ಪೂರ್ತಿ ನಿಲ್ಲಿಸಬೇಡಿ.