ಆಫ್ ಇದ್ದದ್ದು ಇನ್‌ಕಮರ್, ಬಿದ್ದದ್ದು ಕಪ್ಲರ್

"ನಮ್ಮ ಬ್ರೇಕರ್ ಆಫ್ ಮಾಡಿ ಹೊರಗೆ ಎಳೆದಿದೀವಲ್ಲ ಸಾರ್, ಇನ್ನೇನು ಟ್ರಿಪ್ ಆಗತ್ತೆ?" ಅಂದ ರಿಲೇ (ದೋಷ ಕಂಡರೆ ಬ್ರೇಕರ್ ಬೀಳಿಸುವ ಸಾಧನ) ಟೆಸ್ಟಿಂಗ್ ಹುಡುಗ, ಕಿಟ್‌ನಿಂದ ರಿಲೇಗೆ ಕರೆಂಟ್ ಕೊಟ್ಟ. ಮೂರು ಪ್ಯಾನೆಲ್ ಆಚೆ ಧಡ್ ಎಂದಿತು. ಒಂದೆರಡು ಸೆಕೆಂಡಿಗೆ ಮೋಟಾರುಗಳ ಬ್ರೇಕರ್‌ಗಳೂ ಸಾಲಾಗಿ ಬಿದ್ದವು.

ನಾನು ಕೆಲಸ ಮಾಡುತ್ತಿದ್ದ ತೈಲ ಸಂಸ್ಕರಣಾಗಾರದ ಆ 6.6 ಕೆವಿ ಬೋರ್ಡಿಗೆ, ಅಂದರೆ ಮೋಟಾರುಗಳಿಗೆ ಕರೆಂಟ್ ಹಂಚುವ ಪ್ಯಾನೆಲ್‌ಗಳ ಸಾಲಿಗೆ, ಎರಡು ಟ್ರಾನ್ಸ್‌ಫಾರ್ಮರ್. ಮಾಮೂಲಿ ದಿನ ಒಂದೊಂದು ಅರ್ಧರ್ಧ ಬೋರ್ಡ್ ಹೊರುತ್ತದೆ, ಎರಡು ಅರ್ಧಗಳನ್ನು ಜೋಡಿಸುವ ನಡುವಿನ ಬ್ರೇಕರ್, ಬಸ್ ಕಪ್ಲರ್, ಆಫ್ ಇರುತ್ತದೆ. ಅವತ್ತು ಒಂದನೆಯದನ್ನು ಮೇಂಟೆನೆನ್ಸ್‌ಗೆ ಬಿಟ್ಟು, ಕಪ್ಲರ್ ಹಾಕಿ, ಇಡೀ ಬೋರ್ಡನ್ನು ಎರಡನೆಯದರ ಮೇಲೆ ನಡೆಸುತ್ತಿದ್ದೆವು. ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್‌ನಲ್ಲಿರುವ ಅರ್ತ್ ಫಾಲ್ಟ್ ರಿಲೇ (ಕರೆಂಟ್ ನೆಲಕ್ಕೆ ಸೋರಿದರೆ ಎಚ್ಚೆತ್ತುಕೊಳ್ಳುವಂಥದ್ದು) ಸೀದಾ ತನ್ನ ಇನ್‌ಕಮರ್, ಅಂದರೆ ಆ ಟ್ರಾನ್ಸ್‌ಫಾರ್ಮರಿನಿಂದ ಬೋರ್ಡಿಗೆ ಕರೆಂಟ್ ತರುವ ಬ್ರೇಕರ್, ಬೀಳಿಸುವುದಿಲ್ಲ. ಮೊದಲು ಕಪ್ಲರ್ ಬೀಳಿಸಿ ಫಾಲ್ಟ್ ಆಚೆ ಕಡೆ ಇದೆಯೇ ಎಂದು ನೋಡುತ್ತದೆ. ಆಗಲೂ ಹೋಗದಿದ್ದರೆ ಇನ್‌ಕಮರ್. ಒಂದನೆಯದರ ಈ ರಿಲೇ ಪರೀಕ್ಷಿಸುತ್ತಿದ್ದ ಹುಡುಗ ಇನ್‌ಕಮರ್‌ನ ಟ್ರಿಪ್ ಲಿಂಕ್ (ಬ್ರೇಕರ್ ಬೀಳಿಸುವ ತಂತಿಯ ಕೊಂಡಿ) ಬಿಚ್ಚಿದ್ದ. ಕಪ್ಲರ್‌ಗೆ ಹೋಗುವ ಲಿಂಕ್ ಹಾಗೇ ಇತ್ತು. ಕಪ್ಲರ್ ಬಿದ್ದು ಒಂದನೆಯ ಅರ್ಧಕ್ಕೆ ಕರೆಂಟ್ ನಿಂತಿತು.

ಅವನನ್ನು ಬೈಯುವುದು ಸುಲಭ. ಆ ಕೆಲಸದ ಪರ್ಮಿಟ್‌ಗೆ (ಅನುಮತಿ ಪತ್ರಕ್ಕೆ) ಸಹಿ ಹಾಕಿದವನು ನಾನು.

ಅರ್ಧ ಬೋರ್ಡ್ ಹೋದರೂ ಘಟಕ ನಡೆಯಲಿ ಅಂತಲೇ ಕೂಲಿಂಗ್ ವಾಟರ್ ಪಂಪುಗಳನ್ನು ಎರಡೂ ಕಡೆ ಹಂಚಿರುತ್ತಾರೆ. ಒಂದು ನಿಂತರೆ ಸ್ಟ್ಯಾಂಡ್‌ಬೈ ತಾನೇ ಏಳುತ್ತದೆ. ಅವತ್ತು ಏಳಲಿಲ್ಲ. ಮೆಕ್ಯಾನಿಕಲ್‌ನವರು ಅದರ ಬೇರಿಂಗ್ ಬಿಚ್ಚಿ ಟಾರ್ಪಾಲಿನ್ ಮೇಲೆ ಹರಡಿಕೊಂಡು ಕೂತಿದ್ದರು. ಅವರ ಪರ್ಮಿಟ್ ಬರೆದದ್ದು ಬೇರೆ ಮೇಜಿನಲ್ಲಿ. ಒಂದೊಂದಾಗಿ ನೋಡಿದರೆ ಎರಡೂ ಕಾಗದ ಸರಿಯಾಗೇ ಇದ್ದವು! ನೀರು ಸಾಲದೆ ಆವಿ ತಣಿಸುವ ಕಂಡೆನ್ಸರ್ ಸೋತಿತು, ಎಣ್ಣೆ ಬೇರ್ಪಡಿಸುವ ಕಾಲಂನ ಪ್ರೆಷರ್ ಏರಿತು, ಗ್ಯಾಸೆಲ್ಲ ಫ್ಲೇರ್‌ಗೆ (ಗ್ಯಾಸ್ ಸುಡುವ ಎತ್ತರದ ಚಿಮಣಿಗೆ) ಹೋಗಿ ಉರಿಯಿತು.

ಕಂಟ್ರೋಲ್ ರೂಮಿನಿಂದ ಫೋನ್ ಮೇಲೆ ಫೋನ್: "ಕಪ್ಲರ್ ಹಾಕ್ರಿ, ಮೊದ್ಲು ಹಾಕ್ರಿ!" ಕರೆಂಟ್ ಹೋಗಿದ್ದಕ್ಕಿಂತ ಈ ಅವಸರಕ್ಕೇ ನಾನು ಹೆಚ್ಚು ಹೆದರುವುದು. ದೊಡ್ಡ ಮೋಟಾರು ಏಳುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಎಲ್ಲವನ್ನೂ ಒಟ್ಟಿಗೆ ಎಬ್ಬಿಸಿದರೆ ಇರುವ ಒಂದೇ ಟ್ರಾನ್ಸ್‌ಫಾರ್ಮರಿನ ವೋಲ್ಟೇಜ್ ಕುಸಿದು, ಉಳಿದಿದ್ದ ಅರ್ಧವೂ ಹೋದೀತು. ಪ್ರೊಸೆಸ್‌ನವರಿಗೂ ಮತ್ತೆ ಶುರು ಮಾಡುವ ಹೊತ್ತೇ ಕಷ್ಟದ್ದು. ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್ ತೈಲ ಸಂಕೀರ್ಣದಲ್ಲಿ ವಿದ್ಯುತ್ ಹೋದದ್ದು 2000ದ ಮೇ 29ರಂದು. ಜೂನ್ 7ರಂದು ಹಬೆಯ ದೊಡ್ಡ ಪೈಪು ಒಡೆಯಿತು. ಭಾರದ ಎಣ್ಣೆಯನ್ನು ಒಡೆಯುವ ಕ್ಯಾಟ್ ಕ್ರ್ಯಾಕರ್ ಘಟಕಕ್ಕೆ ಬೆಂಕಿ ಬಿದ್ದದ್ದು ಜೂನ್ 10ರಂದು, ಅದನ್ನು ಮತ್ತೆ ಚಾಲೂ ಮಾಡುವಾಗ.

ನಾವು ಒಂದೊಂದೇ ಮೋಟಾರು ಎಬ್ಬಿಸಿ ಮುಗಿಸುವಷ್ಟರಲ್ಲಿ ಸಂಜೆಯಾಗಿತ್ತು. ಅಂದಿನಿಂದ ರಿಲೇ ಕೆಲಸದ ಪರ್ಮಿಟ್ ಬಂದರೆ ಮೊದಲು ಆ ದಿನದ ಮೆಕ್ಯಾನಿಕಲ್ ಪರ್ಮಿಟ್‌ಗಳನ್ನು ತರಿಸುತ್ತೇನೆ. ಆಮೇಲೆ ಡ್ರಾಯಿಂಗ್ ಹಿಡಿದು ಪ್ಯಾನೆಲ್ ಮುಂದೆ ನಿಲ್ಲುತ್ತೇನೆ. ರಿಲೇಯಿಂದ ಹೊರಡುವ ಒಂದೊಂದು ತಂತಿಯನ್ನೂ ಬೆರಳಿಟ್ಟು ತೋರಿಸಬೇಕು. ಆ ಹುಡುಗ ಈಗ ಸೂಪರ್‌ವೈಸರ್. ಬಿಚ್ಚಿದ ಲಿಂಕುಗಳನ್ನು ಯಾರಿಗೂ ಜೇಬಿಗೆ ಹಾಕಲು ಬಿಡುವುದಿಲ್ಲ, ಪ್ಯಾನೆಲ್ ಬಾಗಿಲಿಗೆ ಟೇಪ್ ಹಚ್ಚಿ ಅಂಟಿಸುತ್ತಾನೆ. ಸಂಜೆ ಎಣಿಸಿ ಮತ್ತೆ ಹಾಕಬೇಕಲ್ಲ.