ನಿದ್ರೆಯ ಒತ್ತಡ ಬೇರೆ, ದೇಹದ ಗಡಿಯಾರ ಬೇರೆ

ನಿದ್ರೆಯ ಹಂತಗಳು ಪಠ್ಯಪುಸ್ತಕಗಳಲ್ಲಿ ಸ್ಪಷ್ಟವಾಗಿಯೇ ಇವೆ. ನಿದ್ರೆಯ ಒಂದು ಸುತ್ತು ಸುಮಾರು 90 ನಿಮಿಷ; ಗಾಢ ನಿದ್ರೆ ರಾತ್ರಿಯ ಮೊದಲರ್ಧದಲ್ಲಿ ಹೆಚ್ಚು, ಕನಸಿನ ನಿದ್ರೆ ಬೆಳಗಿನ ಜಾವದಲ್ಲಿ ಹೆಚ್ಚು. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಓದುವಾಗ ಕಷ್ಟವಾಗುವುದು ನಿದ್ರೆ ಯಾವಾಗ, ಏಕೆ ಬರುತ್ತದೆ ಎಂದು ವಿವರಿಸಲು ನಿದ್ರಾ ಸಂಶೋಧಕ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಮಂಡಿಸಿದ ಎರಡು ಪ್ರಕ್ರಿಯೆಗಳ ಮಾದರಿ. ‘ಎಸ್’ ನಿದ್ರೆಯ ಒತ್ತಡ: ಎಚ್ಚರವಿದ್ದಷ್ಟು ಹೊತ್ತೂ ಏರುತ್ತದೆ, ಮಲಗಿದರೆ ಇಳಿಯುತ್ತದೆ. ಮೆದುಳಿನಲ್ಲಿ ಸೇರುವ ಅಡೆನೊಸಿನ್ ಎಂಬ ರಾಸಾಯನಿಕಕ್ಕೆ ಇದರಲ್ಲಿ ದೊಡ್ಡ ಪಾತ್ರವಿದೆ. ‘ಸಿ’ ಮೆದುಳಿನ ಹೈಪೋಥಲಾಮಸ್ ಎಂಬ ಭಾಗದಲ್ಲಿರುವ ಜೈವಿಕ ಗಡಿಯಾರ. ಕಣ್ಣಿಗೆ ಬೀಳುವ ಬೆಳಕು ಅದರ ಹೊತ್ತನ್ನು ಹೊಂದಿಸುತ್ತದೆ.

ಒತ್ತಡ ಏರುತ್ತಲೇ ಹೋಗುವುದಾದರೆ ಮಧ್ಯಾಹ್ನ ಮೂರಕ್ಕೆ ತೂಕಡಿಸಿದವರು ಸಂಜೆ ಏಳಕ್ಕೆ ಇನ್ನೂ ಹೆಚ್ಚು ತೂಕಡಿಸಬೇಕಲ್ಲವೇ? ನಾನು ಬಹಳ ಹೊತ್ತು ಸಿಕ್ಕಿಕೊಂಡದ್ದು ಇಲ್ಲೇ. ಉತ್ತರ ಗಡಿಯಾರದಲ್ಲಿದೆ. ಒತ್ತಡ ಏರಿದಂತೆ ಅದೂ ಎಚ್ಚರದ ಸಂಕೇತವನ್ನು ಬಲಪಡಿಸುತ್ತಾ ಹೋಗಿ, ಸಂಜೆಯ ಹೊತ್ತಿಗೆ ತುದಿ ಮುಟ್ಟಿಸುತ್ತದೆ. ರಾತ್ರಿ ಆ ಸಂಕೇತ ಕುಸಿದಾಗ ಕೂಡಿದ್ದ ಒತ್ತಡವೆಲ್ಲ ಒಮ್ಮೆಗೇ ಮೇಲೆ ಬರುತ್ತದೆ. ಎರಡನ್ನೂ ಒಂದೇ ನಕ್ಷೆಯಲ್ಲಿ ಎರಡು ಗೆರೆಗಳಾಗಿ ಬರೆಯಿರಿ: ನಿದ್ದೆ ಎಷ್ಟು ಬರುತ್ತಿದೆ ಎಂಬುದು ಆ ಗೆರೆಗಳ ನಡುವಿನ ಅಂತರ, ಯಾವ ಒಂದು ಗೆರೆಯ ಎತ್ತರವೂ ಅಲ್ಲ.

ಈಗ ರಾತ್ರಿ ಪಾಳಿಯ ನರ್ಸ್ ಒಬ್ಬರನ್ನು ತೆಗೆದುಕೊಳ್ಳಿ. ನಸುಕಿನ ನಾಲ್ಕಕ್ಕೆ ಒತ್ತಡ ಜಾಸ್ತಿ, ಗಡಿಯಾರದ ಬೆಂಬಲ ಕನಿಷ್ಠ. ತಪ್ಪಾಗುವ ಅಪಾಯ ಹೆಚ್ಚುವ ಹೊತ್ತು ಅದು. ಬೆಳಿಗ್ಗೆ ಒಂಬತ್ತಕ್ಕೆ ಮಲಗಿದರೆ ಸುಸ್ತಿಗೆ ನಿದ್ದೆ ಹತ್ತುತ್ತದೆ, ಆದರೆ ಏರುತ್ತಿರುವ ಗಡಿಯಾರ ಮಧ್ಯಾಹ್ನಕ್ಕೇ ಎಬ್ಬಿಸಿಬಿಡುತ್ತದೆ. ಮನೆಯವರು ಎಷ್ಟೇ ಸದ್ದಿಲ್ಲದೆ ಓಡಾಡಿದರೂ ಹೀಗಾಗುತ್ತದೆ. ಪರೀಕ್ಷೆಗೆಂದು ರಾತ್ರಿಯಿಡೀ ಓದಿದವರಿಗೆ ಬೆಳಿಗ್ಗೆ ಹತ್ತಕ್ಕೆ ಸಿಗುವ ಚುರುಕೂ ಇದೇ ಗಡಿಯಾರದ ಕೊಡುಗೆ. ನಿದ್ರೆಯ ಬಾಕಿ ಹಾಗೆಯೇ ಉಳಿದಿರುತ್ತದೆ. ನೆನಪು, ಗಮನ, ಸಹನೆ ಮೂರರಲ್ಲೂ ಅದು ಕಾಣುತ್ತದೆ.

ಕಾಫಿಯಲ್ಲಿರುವ ಕೆಫೀನ್ ಅಡೆನೊಸಿನ್ ಕೂರುವ ಜಾಗದಲ್ಲಿ ತಾನು ಕೂರುತ್ತದೆ, ಒತ್ತಡವನ್ನು ಕರಗಿಸುವುದಿಲ್ಲ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಲೋಟದ ಅರ್ಧ ರಾತ್ರಿ ಹತ್ತಕ್ಕೂ ದೇಹದಲ್ಲಿರುತ್ತದೆ.

ನಿದ್ರೆ ಸುಧಾರಿಸುವ ಸಲಹೆಗಳನ್ನು ಬಾಯಿಪಾಠ ಮಾಡಬೇಡಿ; ಪ್ರತಿಯೊಂದಕ್ಕೂ ‘ಎಸ್ ಮೇಲೋ, ಸಿ ಮೇಲೋ’ ಎಂದು ಕೇಳಿ. ಸಂಜೆಯ ನಿದ್ದೆ ಬೇಡವೆನ್ನುವುದು ಎಸ್‌ಗಾಗಿ. ದಿನವೂ ಒಂದೇ ಹೊತ್ತಿಗೆ ಏಳುವುದು, ಬೆಳಗಿನ ಬಿಸಿಲಿಗೆ ಹೋಗುವುದು ಮುಖ್ಯವಾಗಿ ‘ಸಿ’ಗಾಗಿ. ಜೋರು ಗೊರಕೆಯ ನಡುವೆ ಉಸಿರು ಕಟ್ಟುವುದು ಈ ಎರಡರಲ್ಲೂ ಸೇರದು. ಅದಕ್ಕೆ ವೈದ್ಯರನ್ನೇ ಕಾಣಬೇಕು.